ಇಂಗ್ಲಿಷ್ ಪಿರಿಯಡ್‌ನಲ್ಲಿ ಆಧಾರ ಹಿಡಿದು ಮಾತಾಡಿಸಲು ಮೊಬೈಲು: ಕಾಸರಗೋಡಿನ ಹೈಸ್ಕೂಲು ಶಿಕ್ಷಕರಿಗೆ

ಇಂಗ್ಲಿಷ್ ಪಿರಿಯಡ್‌ನಲ್ಲಿ ಬೋರ್ಡಿನ ಮೇಲೆ "ಡಿಸ್ಕಶನ್" ಎಂದು ಬರೆದರೆ ಹೆಚ್ಚಾಗಿ ನಡೆಯುವುದು ಭಾಷಣ. ಮಾತು ಬರುವ ನಾಲ್ಕು ಮಕ್ಕಳು ಎದ್ದು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಬೆಲ್ ಹೊಡೆಯುತ್ತದೆ. ಹೇಳಿದ ಮಾತು ಯಾವ ಸಾಲಿನಿಂದ ಬಂತು, ಆ ಸಾಲು ನಿಜಕ್ಕೂ ಹಾಗೆ ಹೇಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಆಧಾರ ಹಿಡಿದು ಮಾತಾಡುವುದೆಂದರೆ ಎದುರು ಕೂತವರು ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಮಾತಾಡುವುದು. 1958ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ಒಂದು ವಾದದೊಳಗಿನ ಭಾಗಗಳನ್ನು ಬಿಡಿಸಿ ತೋರಿಸಿದರು. ಹೈಸ್ಕೂಲಿಗೆ ಅದರಲ್ಲಿ ಮೂರು ಸಾಕು: ನಾನು ಏನು ಹೇಳುತ್ತೇನೆ, ಅದಕ್ಕೆ ಆಧಾರ ಎಲ್ಲಿದೆ, ಆ ಆಧಾರದಿಂದ ಈ ಮಾತು ಹೇಗೆ ಬಂತು. ಕ್ಲಾಸಿನಲ್ಲಿ ಇವನ್ನು ಮಾತು, ಆಧಾರ, ಕೊಂಡಿ ಎಂದು ಕರೆದರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಇದರಲ್ಲಿ ಮೊಬೈಲಿಗೆ ಇರುವ ಕೆಲಸ ಒಂದೇ, ಹಿಡಿದಿಡುವುದು. ಪಾಠದ ಸಾಲಿನ ಫೋಟೊ, ಮನೆಯ ಹಿರಿಯರ ಮಾತು, ಗುಂಪಿನ ಎಂಟು ನಿಮಿಷದ ಚರ್ಚೆ, ಇವು ಗಾಳಿಗೆ ಹೋಗದೆ ಮತ್ತೊಮ್ಮೆ ಕೇಳಲು, ನೋಡಲು ಸಿಗಬೇಕು. ಚರ್ಚೆ ನಡೆಯುವ ಹೊತ್ತಿಗೆ ಯಾರ ಕೈಯಲ್ಲೂ ಫೋನು ಇರಬಾರದು. ಹುಡುಕುವುದಕ್ಕೆ, ಅನುವಾದಕ್ಕೆ, ಆಟದಂಥ ಕ್ವಿಜ್‌ಗಳಿಗೆ ಫೋನು ಕೊಟ್ಟ ಕ್ಲಾಸುಗಳಲ್ಲಿ ಮಕ್ಕಳು ಪರದೆ ನೋಡುತ್ತಾರೆ, ಪರಸ್ಪರ ಮಾತಾಡುವುದಿಲ್ಲ.

ಕೈಯಲ್ಲಿ ಏನಿರಬೇಕು

ಕೇರಳದಲ್ಲಿ ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ಪ್ರತಿ ಮಗುವಿಗೂ ಒಂದೊಂದು ಫೋನು ಎಂದು ಊಹಿಸಿ ಬರೆದ ತರಬೇತಿ ಕೈಪಿಡಿಗಳನ್ನು ಬದಿಗಿಡಿ. ನಮ್ಮ ಕಡೆಯ ಲೆಕ್ಕ ಬೇರೆ: ಕ್ಲಾಸಿನಲ್ಲಿ ಶಿಕ್ಷಕರ ಒಂದು ಫೋನು, ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಹೈಟೆಕ್ ಯೋಜನೆಯಲ್ಲಿ ಬಂದ ಲ್ಯಾಪ್‌ಟಾಪು ಮತ್ತು ಪ್ರೊಜೆಕ್ಟರು, ಜೊತೆಗೆ ಸಂಜೆ ಮನೆಯಲ್ಲಿ ಅಪ್ಪ ಅಮ್ಮನ ಫೋನು. ಇಷ್ಟರಲ್ಲೇ ಕೆಲಸ ಆಗುತ್ತದೆ.

ಸ್ಟಾಫ್ ರೂಮಿನಲ್ಲಿ ಕೇಳಿದರೆ ಪರದೆ ಒಡೆದ, ಬಳಕೆ ಬಿಟ್ಟ ನಾಲ್ಕೈದು ಫೋನುಗಳು ಸಿಗುತ್ತವೆ. ಸಿಮ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ರೆಕಾರ್ಡರ್ ಮತ್ತು ಕ್ಯಾಮೆರಾ ಮಾತ್ರ ಹೋಮ್ ಸ್ಕ್ರೀನಿನಲ್ಲಿ ಉಳಿಸಿ. 2 ಜಿಬಿ ಜಾಗ ಖಾಲಿ ಇದ್ದರೆ ಬೇಕಾದಷ್ಟಾಯಿತು. ಹಳೆಯ ಬ್ಯಾಟರಿ ಗಂಟೆ ಹೊತ್ತು ನಿಲ್ಲುವುದೇ ಹೆಚ್ಚು, ಆದ್ದರಿಂದ ಹಿಂದಿನ ಪಿರಿಯಡ್‌ನಲ್ಲೇ ಚಾರ್ಜಿಗಿಡಿ. ಎಚ್.ಎಂ. ಅವರಿಂದ ಬರಹದಲ್ಲಿ ಅನುಮತಿ ಪಡೆದು, ಫೋನುಗಳು ಸ್ಟಾಫ್ ರೂಮಿನ ಕಪಾಟಿನಿಂದ ಶಿಕ್ಷಕರ ಕೈಯಲ್ಲೇ ಕ್ಲಾಸಿಗೆ ಹೋಗಿ ಶಿಕ್ಷಕರ ಕೈಯಲ್ಲೇ ಮರಳುವಂತೆ ಮಾಡಿ. ಯಾವುದೋ ಮಗು ಕಾರಿಡಾರಿನಲ್ಲಿ ಫೋನು ಹಿಡಿದು ಹೋಗುವುದನ್ನು ಒಬ್ಬರು ಕಂಡರೂ ಮುಂದಿನ ಪಿಟಿಎ ಸಭೆಯಲ್ಲಿ ಅದೇ ಮಾತು.

ಮಕ್ಕಳ ಧ್ವನಿ ಹಿಡಿಯುವುದಕ್ಕೆ ಹೆತ್ತವರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. ಒಂದು ಪುಟದ ಪತ್ರದಲ್ಲಿ ಏನನ್ನು ರೆಕಾರ್ಡ್ ಮಾಡುತ್ತೀರಿ, ಯಾಕೆ, ಯಾರು ಕೇಳುತ್ತಾರೆ, ಯಾವ ದಿನ ಅಳಿಸುತ್ತೀರಿ ಎಂಬ ನಾಲ್ಕು ವಿಷಯ ಇರಲಿ. ಮನೆಯಲ್ಲಿ ಕನ್ನಡ ಓದುವವರಿಲ್ಲದಿದ್ದರೆ ಮಲಯಾಳದಲ್ಲೂ ಒಂದು ಪ್ರತಿ ಕೊಡಿ. ವಿಡಿಯೊ ಬೇಡ, ಧ್ವನಿ ಮಾತ್ರ ಸಾಕು. ಕ್ಯಾಮೆರಾ ಕಂಡ ಕೂಡಲೇ ಮಕ್ಕಳು ಮತ್ತೆ ಭಾಷಣಕ್ಕೆ ಇಳಿಯುತ್ತಾರೆ.

ಪ್ರಶ್ನೆ ಕೆಟ್ಟರೆ ಎಲ್ಲವೂ ಕೆಟ್ಟಂತೆ

"ಮೊಬೈಲ್ ವರವೋ ಶಾಪವೋ" ಎಂಬಂಥ ಪ್ರಶ್ನೆಗೆ ಆಧಾರ ಬೇಕಾಗಿಯೇ ಇಲ್ಲ, ಎರಡೂ ಕಡೆಯ ಭಾಷಣ ಮಕ್ಕಳ ನಾಲಿಗೆ ತುದಿಯಲ್ಲೇ ಇರುತ್ತದೆ. "ಗಿಡ ನೆಡುವುದು ಒಳ್ಳೆಯದೇ" ಎಂದರೆ ಇನ್ನೊಂದು ಪಕ್ಷವೇ ಇಲ್ಲ. ಒಳ್ಳೆಯ ಪ್ರಶ್ನೆಗೆ ಎರಡೂ ಕಡೆ ಕನಿಷ್ಠ ಮೂರು ಮೂರು ಆಧಾರಗಳು ಕೈಗೆ ಸಿಗುವಂತಿರಬೇಕು, ಉತ್ತರ ಪ್ರಮಾಣದಲ್ಲಿ ಬರುವಂತಿರಬೇಕು: ಎಷ್ಟು, ಎಲ್ಲಿಯವರೆಗೆ, ಯಾರಿಗೆ. ಕತೆಯ ಪಾಠವಾದರೆ ಒಂದು ಪಾತ್ರ ಸಹಾಯ ನಿರಾಕರಿಸಿದ್ದು ಹೆಮ್ಮೆಯಿಂದಲೋ ಹೆದರಿಕೆಯಿಂದಲೋ ಎಂದು ಕೇಳಬಹುದು. ಪಾಠದಲ್ಲಿ ಎರಡಕ್ಕೂ ಸಾಲುಗಳಿರುವುದನ್ನು ಮೊದಲು ನೀವೇ ಎಣಿಸಿ ನೋಡಿ.

ಮೊದಲ ಬಾರಿಗೆ ಮಾತ್ರ ಊರಿನ ವಿಷಯ ಹಿಡಿಯುವುದು ಒಳ್ಳೆಯದು. ಮಕ್ಕಳಿಗೆ ವಿಷಯ ಗೊತ್ತಿದ್ದರೆ ಇಂಗ್ಲಿಷಿನ ಭಾರ ಅರ್ಧ ಇಳಿಯುತ್ತದೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡದ್ದು ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುವ ದಾರಿ. ಪ್ರಶ್ನೆ ಇದು: "ಈಸ್ ಸುರಂಗ ವಾಟರ್ ಎನಫ್ ಫಾರ್ ಎ ಫ್ಯಾಮಿಲಿ ಟಿಲ್ ದ ಎಂಡ್ ಆಫ್ ಮೇ?" ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಗೆ ನೀರಿನ ಚಿಂತೆ ಯಾಕೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಪೇಟೆಯ ಶಾಲೆಯಾದರೆ 66ನೇ ರಾಷ್ಟ್ರೀಯ ಹೆದ್ದಾರಿಯ ಆರು ಪಥದ ಕೆಲಸದಿಂದ ಶಾಲೆಗೆ ಬರುವ ದಾರಿ ಸುಲಭವಾಯಿತೇ ಕಷ್ಟವಾಯಿತೇ ಎಂದು ಕೇಳಬಹುದು.

ಎಂಡೋಸಲ್ಫಾನ್ ಕೀಟನಾಶಕವನ್ನು ಮೊದಲ ವಿಷಯವಾಗಿ ಎತ್ತಿಕೊಳ್ಳಬೇಡಿ. ಗೇರು ತೋಟಗಳಲ್ಲಿ 2000ದವರೆಗೆ ನಡೆದ ವೈಮಾನಿಕ ಸಿಂಪಡಣೆಯಿಂದ 2011ರ ಸುಪ್ರೀಂ ಕೋರ್ಟ್ ಆದೇಶದವರೆಗೆ ದಾಖಲೆಗಳೇನೋ ಬೇಕಾದಷ್ಟಿವೆ. ಆದರೆ ಕ್ಲಾಸಿನಲ್ಲೇ ನೊಂದ ಮನೆಯ ಮಗು ಇರಬಹುದು, ಆ ಮಗುವಿನ ಎದುರು "ಇದಕ್ಕೆ ಪ್ರೂಫ್ ಏನು" ಎಂಬ ಪ್ರಶ್ನೆ ಆಟದ ಮಾತಾಗಬಾರದು.

ಸಾಲಿಗೆ ನಂಬರು ಕೊಡಿ

ಸುರಂಗದ ಬಗ್ಗೆ 250ರಿಂದ 350 ಪದಗಳ ಇಂಗ್ಲಿಷ್ ಬರಹ ನೀವೇ ಸಿದ್ಧ ಮಾಡಿ, ಒಂದೇ ಪುಟಕ್ಕೆ ಇಳಿಸಿ. ಲಿಬ್ರೆ ಆಫೀಸ್ ರೈಟರಿನಲ್ಲಿ ಟೂಲ್ಸ್ ಮೆನುವಿನ ಲೈನ್ ನಂಬರಿಂಗ್ ಆನ್ ಮಾಡಿದರೆ ಪಕ್ಕದಲ್ಲಿ ಸಾಲಿನ ನಂಬರು ಬರುತ್ತದೆ. ಐದೈದು ಸಾಲಿಗೊಮ್ಮೆ ತೋರಿಸುವಂತೆ ಇಟ್ಟರೆ ಪುಟ ತುಂಬಿದಂತೆ ಕಾಣುವುದಿಲ್ಲ. ಅಕ್ಷರ 13 ಅಥವಾ 14 ಪಾಯಿಂಟ್, ಸಾಲಿನ ನಡುವೆ ಒಂದೂವರೆ ಅಂತರ. ಪಠ್ಯಪುಸ್ತಕದ ಪಾಠವನ್ನೇ ಬಳಸುವುದಾದರೆ ಮಕ್ಕಳೇ ಪೆನ್ಸಿಲಿನಲ್ಲಿ ಐದೈದಕ್ಕೆ ನಂಬರು ಹಾಕಲಿ, ಐದು ನಿಮಿಷದ ಕೆಲಸ. ನಂಬರು ಇಲ್ಲದೆ ಹೋದರೆ "ಅದೇ ಅಲ್ಲಿ, ಕೆಳಗೆ" ಎಂದು ಬೆರಳು ತೋರಿಸುವುದರಲ್ಲೇ ಚರ್ಚೆ ಮುಗಿಯುತ್ತದೆ, ರೆಕಾರ್ಡಿಂಗ್ ಕೇಳಿದರೆ ಆಮೇಲೆ ಏನೂ ಗೊತ್ತಾಗುವುದಿಲ್ಲ.

ಬರೆಯುವಾಗ ಬೇಕೆಂದೇ ಎರಡು ಮೂರು ಸೂಕ್ಷ್ಮ ಪದಗಳನ್ನು ಇಡಿ. "ಎ ಫ್ಯೂ ಸುರಂಗಾಸ್ ಡ್ರೈ ಅಪ್ ಬಿಫೋರ್ ಮಾರ್ಚ್" ಎಂದರೆ ಕೆಲವು ಬತ್ತುತ್ತವೆ. "ಫ್ಯೂ ಸುರಂಗಾಸ್ ಡ್ರೈ ಅಪ್" ಎಂದರೆ ಬತ್ತುವುದು ಅಪರೂಪ. ಒಂದು "ಎ" ಇದ್ದರೆ ಆಧಾರ ಒಂದು ಪಕ್ಷಕ್ಕೆ, ಇಲ್ಲದಿದ್ದರೆ ಇನ್ನೊಂದು ಪಕ್ಷಕ್ಕೆ. "ಮೇ" (ತಿಂಗಳಲ್ಲ, "ಆಗಬಹುದು" ಎಂಬ ಅರ್ಥದ್ದು), "ಹಾರ್ಡ್ಲಿ", "ಮೋಸ್ಟ್ಲಿ" ಇವೂ ಇದೇ ಜಾತಿ. ವ್ಯಾಕರಣ ಪುಸ್ತಕದಲ್ಲಿ ಒಣಗಿ ಕೂತಿರುವ ಈ ಪದಗಳಿಗೆ ಚರ್ಚೆಯಲ್ಲಿ ಜೀವ ಬರುತ್ತದೆ, ಯಾಕೆಂದರೆ ಗೆಲ್ಲುವುದು ಸೋಲುವುದು ಅವುಗಳ ಮೇಲೆ ನಿಂತಿರುತ್ತದೆ.

ಗೂಗಲ್ ಲೆನ್ಸಿನ ಅನುವಾದ ಕೈಕೊಡುವುದೂ ಇಂಥ ಕಡೆಯೇ. ಇಡೀ ಪುಟಕ್ಕೆ ಫೋನು ಹಿಡಿದರೆ ಕನ್ನಡವೇನೋ ಕ್ಷಣದಲ್ಲಿ ಬರುತ್ತದೆ, ಆದರೆ ಇಂಥ ಪದಗಳ ಅರ್ಥ ಅದರಲ್ಲಿ ಜಾರಿಹೋಗುವುದುಂಟು, ಮಗುವಿಗೆ ಇಂಗ್ಲಿಷ್ ಸಾಲು ಕಣ್ಣಿಗೆ ಬಿದ್ದಿರುವುದೇ ಇಲ್ಲ. ಪದಕ್ಕೆ ಅನುವಾದ ಆಗಬಹುದು, ಪ್ಯಾರಾಕ್ಕೆ ಆಗದು ಎಂದು ಮೊದಲ ದಿನವೇ ಹೇಳಿಬಿಡಿ. ಮನೆಯಲ್ಲಿ ಓದಿ ಹೇಳುವವರಿಲ್ಲದ ಮಕ್ಕಳಿಗೆ ಅದೇ ಲೆನ್ಸಿನಲ್ಲಿರುವ ಗಟ್ಟಿಯಾಗಿ ಓದಿಸುವ ಸೌಲಭ್ಯವನ್ನು ತೋರಿಸಿಕೊಡಿ, ಅದು ನಿಜವಾಗಿ ಉಪಕಾರಿ.

ಮನೆಯಿಂದ ತರುವ ಆಧಾರ

ಇಲ್ಲಿ ಹೆತ್ತವರ ಫೋನು ಬೇಕು. ಗೂಗಲ್ ಫಾರ್ಮಿನಲ್ಲಿ ನಾಲ್ಕೇ ಪ್ರಶ್ನೆ: ಮನೆಗೆ ನೀರು ಎಲ್ಲಿಂದ, ಆ ಮೂಲ ಎಷ್ಟು ಉದ್ದ ಅಥವಾ ಆಳ, ಕಳೆದ ಬೇಸಿಗೆಯಲ್ಲಿ ಯಾವ ತಿಂಗಳಲ್ಲಿ ಕಡಿಮೆಯಾಯಿತು, ಕಡಿಮೆಯಾದಾಗ ಏನು ಮಾಡಿದಿರಿ. ಹೆಸರು, ಮನೆ ನಂಬರು, ಇಮೇಲ್ ಯಾವುದೂ ಬೇಡ. ಇಮೇಲ್ ಸಂಗ್ರಹಿಸುವ ಸೆಟ್ಟಿಂಗನ್ನು ಆಫ್ ಮಾಡಿ. ಫೋನು ಇಲ್ಲದ ಮನೆಗೆ ಇದೇ ಪ್ರಶ್ನೆಗಳ ಚೀಟಿ ಕೊಟ್ಟು, ಬಂದ ಉತ್ತರವನ್ನು ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್ ಮಕ್ಕಳಿಂದ ಲ್ಯಾಪ್‌ಟಾಪಿನಲ್ಲಿ ತುಂಬಿಸಬಹುದು.

ಎರಡನೇ ಪ್ರಶ್ನೆ ತಪ್ಪದೆ ತಕರಾರು ಮಾಡುತ್ತದೆ. ಒಬ್ಬರು ಅಡಿಯಲ್ಲಿ, ಒಬ್ಬರು ಮೀಟರಿನಲ್ಲಿ, ಹಿರಿಯರಿರುವ ಮನೆಯಲ್ಲಿ ಕೋಲಿನಲ್ಲಿ ಹೇಳುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. 20 ಎಂದು ತುಂಬಿದರೆ ಅದು 20 ಅಡಿಯೋ 50 ಅಡಿಯೋ ತಿಳಿಯುವುದು ಹೇಗೆ? ಅಂಕಿಗೆ ಒಂದು ಪ್ರಶ್ನೆ, ಅಳತೆಗೆ ಇನ್ನೊಂದು ಆಯ್ಕೆ ಎಂದು ಬೇರೆ ಮಾಡಿ, ಅಂಕಿಯ ಜಾಗದಲ್ಲಿ ರೆಸ್ಪಾನ್ಸ್ ವ್ಯಾಲಿಡೇಶನ್ ಹಾಕಿ ಸಂಖ್ಯೆ ಮಾತ್ರ ಹೋಗುವಂತೆ ಮಾಡಿ. ಅಥವಾ ಬೇಕೆಂದೇ ಹಾಗೆ ಬಿಟ್ಟು, ಬಂದ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ "ಇದನ್ನು ಆಧಾರ ಎನ್ನಬಹುದೇ" ಎಂದು ಕೇಳಿ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಒಳ್ಳೆಯ ಪಾಠ.

ಅಳತೆ ಮಾಡಿಸುವುದಾದರೆ ಫೋನಿನ ಸ್ಟಾಪ್‌ವಾಚು, 10 ಲೀಟರಿನ ಬಕೆಟ್ಟು ಸಾಕು. ಪೈಪಿನ ತುದಿಯಲ್ಲಿ ಬಕೆಟ್ ತುಂಬಲು 150 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 4 ಲೀಟರ್, ದಿನಕ್ಕೆ 5,760 ಲೀಟರ್. ಜಲಜೀವನ ಮಿಷನ್ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್, ಐದು ಮಂದಿಗೆ 275. ಅಂದರೆ ಮನೆಗೆ ಧಾರಾಳ. ಆದರೆ ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ನಮ್ಮ ಜಿಲ್ಲೆಯಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸು. 500 ಮರಕ್ಕೆ ಕಡಿಮೆಯೆಂದರೂ 8,000 ಲೀಟರ್ ಬೇಕು. ಒಂದೇ ಅಳತೆ ಮನೆಗೆ ಹೌದು, ತೋಟಕ್ಕೆ ಅಲ್ಲ ಎನ್ನುತ್ತದೆ. ಚರ್ಚೆಗೆ ಬೇಕಾದದ್ದು ಇದೇ. ಮಕ್ಕಳು ಸುರಂಗದ ಒಳಗೆ ಹೋಗಲೇಬಾರದು ಎಂದು ಬರಹದಲ್ಲೇ ತಿಳಿಸಿ. ಮಣ್ಣು ಕುಸಿಯುತ್ತದೆ, ಒಳಗೆ ಉಸಿರಾಟದ ಗಾಳಿ ಕಡಿಮೆ ಇರುತ್ತದೆ. ಅಳತೆ ಹೊರಗಿನ ಪೈಪಿನಲ್ಲಿ ಮಾತ್ರ.

ಹಿರಿಯರ ಮಾತು ಹಿಡಿಯುವುದಕ್ಕೆ ಎರಡು ನಿಮಿಷದ ಮಿತಿ ಇಡಿ. "ಅಜ್ಜಾ, ಈ ಸುರಂಗ ಯಾವಾಗ ತೋಡಿಸಿದ್ದು? ಯಾವ ವರ್ಷ ಬತ್ತಿತ್ತು?" ಎಂಬೆರಡು ಪ್ರಶ್ನೆ. ತುಳುವಿನಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಹೇಳಲಿ. ಮಗು ಅದನ್ನು ಇಂಗ್ಲಿಷಿಗೆ ಒಂದೇ ವಾಕ್ಯದಲ್ಲಿ ತರಬೇಕು: "ಮೈ ಗ್ರ್ಯಾಂಡ್‌ಫಾದರ್ ಸೇಸ್ ಇಟ್ ಹ್ಯಾಸ್ ನೆವರ್ ಡ್ರೈಡ್, ಬಟ್ ಹಿ ಈಸ್ ಟಾಕಿಂಗ್ ಅಬೌಟ್ ಒನ್ ಸುರಂಗ." ಆ "ಬಟ್" ಆದ ಮೇಲಿನ ಭಾಗ ಬಂದರೆ ಸಾಕ್ಷಿಯ ಬಲ ಮತ್ತು ಮಿತಿ ಎರಡೂ ಮಗುವಿಗೆ ತಿಳಿದಂತೆ.

ವಾಟ್ಸ್ಆ್ಯಪ್ ಫಾರ್ವರ್ಡುಗಳೂ ಆಧಾರವೆಂದು ಬರುತ್ತವೆ. ಗಡಿನಾಡಿನಲ್ಲಿ ಒಂದೇ ಸುಳ್ಳು ಮೂರು ಭಾಷೆಯಲ್ಲಿ ತಿರುಗುತ್ತದೆ, ಮೂರು ಕಡೆ ಕಂಡದ್ದರಿಂದ ನಿಜವೆಂದು ಮಕ್ಕಳು ನಂಬುತ್ತಾರೆ. ಆ ಸಂದೇಶವನ್ನೇ ಮತ್ತೆ ಮತ್ತೆ ಓದಿ ಪರೀಕ್ಷಿಸುವುದರಿಂದ ಪ್ರಯೋಜನವಿಲ್ಲ. ಅದನ್ನು ಬಿಟ್ಟು ಇನ್ನೊಂದು ಟ್ಯಾಬ್ ತೆರೆದು, ಹೇಳಿದವರು ಯಾರು, ಬೇರೆಯವರು ಏನೆನ್ನುತ್ತಾರೆ ಎಂದು ನೋಡಬೇಕು. ಫೋಟೊ ಇದ್ದರೆ ಲೆನ್ಸಿನಲ್ಲಿ ಹಾಕಿ ಅದು ಮೊದಲು ಎಲ್ಲಿ ಬಂದಿತ್ತೆಂದು ಹುಡುಕಬೇಕು. ಇದನ್ನು ಪ್ರೊಜೆಕ್ಟರಿನಲ್ಲಿ ನೀವೇ ನಾಲ್ಕು ನಿಮಿಷ ಮಾಡಿ ತೋರಿಸಿ. ಎಐ ಚಾಟ್‌ಬಾಟಿನಿಂದ ತಂದ ಪಾಯಿಂಟುಗಳಿಗೆ ಒಂದೇ ನಿಯಮ: ಸಾಲಿನ ನಂಬರು ಇಲ್ಲದಿದ್ದರೆ, ಅಳೆದವರು ಯಾರೆಂದು ಹೇಳಲಾಗದಿದ್ದರೆ, ಅದು ಲೆಕ್ಕಕ್ಕಿಲ್ಲ.

ಕಾರ್ಡು ಎತ್ತಿಸುವುದು

ಚರ್ಚೆಗೆ ಮೊದಲು ಪ್ರತಿಯೊಬ್ಬರೂ ಒಂದು ಪಕ್ಷ ಹಿಡಿಯಬೇಕು, ಇಲ್ಲದಿದ್ದರೆ ಹಿಂದಿನ ಬೆಂಚು ನಿದ್ದೆ ಹೋಗುತ್ತದೆ. ಇದಕ್ಕೆ ಕ್ಯಾಮೆರಾದಿಂದ ಕಾರ್ಡು ಓದುವ ಪ್ಲಿಕರ್ಸ್ ಆ್ಯಪ್ ಒಳ್ಳೆಯದು, ಫೋನು ಶಿಕ್ಷಕರದ್ದು ಒಂದೇ ಸಾಕು. ಪ್ರತಿ ಮಗುವಿಗೂ ನಂಬರಿರುವ ಒಂದು ಕಾರ್ಡು. ಯಾವ ಬದಿ ಮೇಲಿದೆ ಎಂಬುದರಿಂದ ಎ, ಬಿ, ಸಿ, ಡಿ. ಕ್ಯಾಮೆರಾವನ್ನು ಕ್ಲಾಸಿನ ಮೇಲೆ ನಿಧಾನ ಹಾಯಿಸಿದರೆ ಎಲ್ಲರ ಉತ್ತರ ಬಂತು.

ಬೋರ್ಡಿನಲ್ಲಿ ಒಂದು ಮಾತು ಬರೆದು, ಪುಟದಿಂದ ನಾಲ್ಕು ಸಾಲು ಕೊಟ್ಟು, ಯಾವ ಸಾಲು ಇದನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಕೇಳಿ. ಫಲಿತಾಂಶ ಪರದೆಯಲ್ಲಿ ತೋರಿಸಬೇಡಿ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇಲ್ಲಿ ಹೊಂದುತ್ತದೆ: ಸರಿಯುತ್ತರ ಶೇ. 30ರಿಂದ 70ರೊಳಗಿದ್ದರೆ ಪಕ್ಕದವರೊಡನೆ ಮಾತಾಡಲು ಬಿಟ್ಟು ಮತ್ತೊಮ್ಮೆ ಮತ ಕೇಳುವುದು. 36 ಮಕ್ಕಳಿರುವಲ್ಲಿ ಅದು ಸುಮಾರು 11ರಿಂದ 25. ಅದಕ್ಕಿಂತ ಕಡಿಮೆಯಾದರೆ ಸಾಲುಗಳನ್ನು ಮತ್ತೆ ಓದಿಸಿ, ಹೆಚ್ಚಾದರೆ ಮುಂದೆ ಹೋಗಿ. ಜೋಡಿ ಮಾತಿಗೆ ಎರಡು ನಿಮಿಷ, ಕನ್ನಡದಲ್ಲೇ ಆಗಲಿ. ಒಂದು ಪಿರಿಯಡ್‌ಗೆ ಮೂರು ಪ್ರಶ್ನೆ ಮೀರಿದರೆ ಇದು ಬರೀ ಕ್ವಿಜ್ ಆಗುತ್ತದೆ.

ಕಾರ್ಡು ಹಾಳಾಗದಿರಲೆಂದು ಹೊಳೆಯುವ ಲ್ಯಾಮಿನೇಶನ್ ಮಾಡಿಸುವುದು ಸಾಮಾನ್ಯ ತಪ್ಪು. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಹೊಳೆದು ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ದಪ್ಪ ಕಾಗದಕ್ಕೆ ಪ್ರಿಂಟ್ ಮಾಡಿ ಹಾಗೇ ಬಳಸಿ. ಮಕ್ಕಳ ಬೆರಳು ಕಪ್ಪು ಭಾಗವನ್ನು ಮುಚ್ಚಿದರೂ ಓದುವುದಿಲ್ಲ, ಅಂಚು ಹಿಡಿಯಲು ಹೇಳಿ. ಕಿಟಕಿಯ ಬೆಳಕು ಕಾರ್ಡಿನ ಹಿಂದಿನಿಂದ ಬರುವ ಸಾಲಿಗೆ ನೀವು ಹತ್ತಿರ ಹೋಗಬೇಕು. ನೆಟ್ಟು ಬೇಕು, ಗುಡ್ಡದ ಬುಡದ ಶಾಲೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಅಂಥ ದಿನ ಕಣ್ಣು ಮುಚ್ಚಿ ಎದೆಯ ಹತ್ತಿರ ಬೆರಳು ತೋರಿಸಲಿ, ಒಂದೋ ಎರಡೋ ಮೂರೋ ನಾಲ್ಕೋ. ಎಣಿಕೆ ಒರಟು, ಕೆಲಸ ಅದೇ. ಹಳೆಯ ತರಬೇತಿ ಟಿಪ್ಪಣಿಗಳಲ್ಲಿ ಕಾಣುವ, ವಿಡಿಯೊದಲ್ಲಿ ಉತ್ತರ ಹೇಳಿಸುವ ಫ್ಲಿಪ್‌ಗ್ರಿಡ್ ಮಾತ್ರ ಹುಡುಕಬೇಡಿ, ಅದು ಪ್ರತ್ಯೇಕ ಆ್ಯಪ್ ಆಗಿ 2024ರಲ್ಲೇ ನಿಂತುಹೋಗಿದೆ.

ಎಂಟು ನಿಮಿಷದ ಚರ್ಚೆ

ಆರು ಮಂದಿಯ ಗುಂಪು. ನಾಲ್ವರು ಮಾತಾಡುವವರು, ಒಬ್ಬ ಫೋನು ನೋಡಿಕೊಳ್ಳುವವ, ಒಬ್ಬಳು ಲೆಕ್ಕದವಳು, ಅಂದರೆ ಯಾರು ಎಷ್ಟು ಸಲ ಸಾಲಿನ ನಂಬರು ಹೇಳಿದರು ಎಂದು ಗೀಟು ಹಾಕುವವಳು. ಮೊದಲ ಮೂರು ನಿಮಿಷ ಕನ್ನಡ, ಉಳಿದ ಐದು ನಿಮಿಷ ಇಂಗ್ಲಿಷು. ಮೊದಲಿನಿಂದಲೇ ಇಂಗ್ಲಿಷ್ ಎಂದರೆ ಯೋಚನೆ ಇರುವ ಮಗು ಬಾಯಿ ಮುಚ್ಚುತ್ತದೆ, ಬಾಯಿ ಇರುವ ಮಗು ಯೋಚಿಸದೆ ಮಾತಾಡುತ್ತದೆ.

ಬೆಂಚಿನ ಮೇಲೆ ಅಂಗೈಯಗಲದ ಚೀಟಿಯಲ್ಲಿ ನಾಲ್ಕು ವಾಕ್ಯ ಇರಲಿ: "ಐ ಥಿಂಕ್... ಬಿಕಾಸ್ ಲೈನ್... ಸೇಸ್...", "ದಿಸ್ ಶೋಸ್ ದ್ಯಾಟ್...", "ವೇರ್ ಡಿಡ್ ಯು ಗೆಟ್ ದ್ಯಾಟ್?", "ಐ ಚೇಂಜ್ ಮೈ ಪಾಯಿಂಟ್ ಬಿಕಾಸ್...". ಹತ್ತು ಹನ್ನೆರಡು ಕೊಟ್ಟರೆ ಚೀಟಿ ಓದುವುದೇ ಕೆಲಸವಾಗುತ್ತದೆ. ನಾಲ್ಕನೆಯದನ್ನು ಬಿಡಲೇಬೇಡಿ. ಅಭಿಪ್ರಾಯ ಬದಲಿಸಿದರೆ ಸೋತಂತೆ ಎಂದು ಮಕ್ಕಳು ತಿಳಿದಿರುತ್ತಾರೆ, ಅದಕ್ಕೊಂದು ಮರ್ಯಾದೆಯ ವಾಕ್ಯ ಬೇಕು.

ರೆಕಾರ್ಡಿಂಗಿನಲ್ಲಿ ಹಾಳಾಗುವುದು ಹೆಚ್ಚಾಗಿ ಧ್ವನಿ. ಫೋನನ್ನು ಬರೀ ಮರದ ಮೇಲಿಟ್ಟರೆ ಬೆಂಚು ತಟ್ಟಿದ್ದೆಲ್ಲ ಗುಡುಗಿನಂತೆ ದಾಖಲಾಗುತ್ತದೆ. ಮಡಚಿದ ಕರ್ಚೀಫಿನ ಮೇಲಿಡಿ, ಮೈಕ್ ಕೆಳತುದಿಯಲ್ಲಿರುತ್ತದೆ, ಅದು ಮೆಲ್ಲಗೆ ಮಾತಾಡುವ ಮಗುವಿನ ಕಡೆಗಿರಲಿ. ಫ್ಯಾನು ನಿಲ್ಲಿಸಿ. ಶೀಟಿನ ಮಾಡಿರುವ ಕ್ಲಾಸಿನಲ್ಲಿ ಜೂನ್, ಜುಲೈಯಲ್ಲಿ ರೆಕಾರ್ಡ್ ಮಾಡುವ ಯೋಚನೆಯನ್ನೇ ಬಿಡಿ. ಆ ತಿಂಗಳು ಓದು ಮತ್ತು ಕಾರ್ಡಿನ ಕೆಲಸಕ್ಕೆ ಇಟ್ಟುಕೊಳ್ಳಿ. ಆರು ಗುಂಪು ಒಟ್ಟಿಗೆ ಮಾತಾಡಿದರೆ ಎಲ್ಲ ಫೋನಿನಲ್ಲೂ ಎಲ್ಲರ ಮಾತು ಬೀಳುತ್ತದೆ. ಎರಡು ಗುಂಪು ಜಗಲಿಗೆ, ಒಂದು ಲೈಬ್ರರಿಗೆ ಹೋಗಲಿ. ಜಾಗ ಇಲ್ಲದಿದ್ದರೆ ಒಂದೇ ಗುಂಪನ್ನು ನಡುವೆ ಕೂರಿಸಿ, ಉಳಿದವರು ಸುತ್ತ ಕೂತು ಗೀಟು ಹಾಕಲಿ. ಒಂದೇ ಫೋನು ಇದ್ದಲ್ಲೂ ಇದೇ ದಾರಿ.

ಸಿಮ್ ಇರುವ ಫೋನಾದರೆ ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತೇಬಿಡುತ್ತದೆ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಎಂಟು ನಿಮಿಷಕ್ಕೆ 4 ಎಂಬಿಯೂ ಆಗುವುದಿಲ್ಲ. ಮುಗಿದ ಕೂಡಲೇ ಹೆಸರು ಬದಲಿಸಿ: ತರಗತಿ, ಗುಂಪು, ತಾರೀಕು. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ಹಿಡಿಯುವುದು ಸುಲಭವೆಂದು ಅನಿಸಬಹುದು, ಆದರೆ ವಾರ ಕಳೆದ ಮೇಲೆ ಯಾವುದು ಯಾರದ್ದೆಂದು ಹುಡುಕಲು ಹೋದರೆ ತಲೆನೋವು.

ತಿರುಗಿ ಕೇಳುವುದು

ಎಲ್ಲದರಲ್ಲೂ ಹೆಚ್ಚು ಫಲ ಕೊಡುವ ಪಿರಿಯಡ್ ಇದು, ಸಿಲೆಬಸ್ ಮುಗಿಸುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಎಂಟು ನಿಮಿಷವನ್ನೂ ಕೇಳಿಸಬೇಡಿ. ಲೆಕ್ಕದವಳ ಗೀಟು ನೋಡಿ ಬಿಸಿಯಾದ ಎರಡು ನಿಮಿಷ ಆರಿಸಿ. ಮೊದಲ ಸಲ ಸುಮ್ಮನೆ ಕೇಳಲಿ, ತಮ್ಮ ಧ್ವನಿ ಕೇಳಿ ನಗುವುದೆಲ್ಲ ಆಗ ಮುಗಿಯುತ್ತದೆ. ಎರಡನೇ ಸಲ ಕಾಗದದಲ್ಲಿ ಗುರುತು ಹಾಕಲಿ: ಮಾ, ಆ, ಕೊಂ, ಪ್ರ. ಮಾತು, ಆಧಾರ, ಕೊಂಡಿ, ಪ್ರಶ್ನೆ. ಗುಂಪಿನಲ್ಲಿ ಸಾಮಾನ್ಯವಾಗಿ ಹೀಗೆ ಸಿಗುತ್ತದೆ:

"ಸುರಂಗ ಈಸ್ ಬೆಟರ್. ಲೈನ್ ಟ್ವೆಲ್ವ್ ಸೇಸ್ ನೋ ಪಂಪ್ ಈಸ್ ನೀಡೆಡ್."
"ಬಟ್ ಲೈನ್ ನೈನ್‌ಟೀನ್ ಸೇಸ್ ದ ಫ್ಲೋ ಬಿಕಮ್ಸ್ ಥಿನ್ ಇನ್ ಏಪ್ರಿಲ್."
"ಯೆಸ್, ಬಟ್ ಸುರಂಗ ಈಸ್ ಬೆಟರ್."

ಮೊದಲ ಸಾಲಿಗೆ ಮಾ, ಆ ಎರಡೂ ಬಿತ್ತು, ಕೊಂ ಇಲ್ಲ. ಪಂಪು ಬೇಡ, ಸರಿ, ಅದರಿಂದ ಏನು? ಕರೆಂಟು ಹೋದ ದಿನವೂ ನೀರು ಬರುತ್ತದೆ ಎನ್ನಬೇಕಿತ್ತು. ಎರಡನೆಯವಳ ಆಧಾರ ತುಂಬ ಒಳ್ಳೆಯದು, ಆದರೆ ಅವಳ ಮಾತು ಏನೆಂದೇ ಹೇಳಲಿಲ್ಲ. ಮೂರನೆಯದರಲ್ಲಿ "ಯೆಸ್, ಬಟ್" ಇದೆ, ಉತ್ತರ ಇಲ್ಲ. ರೆಕಾರ್ಡಿಂಗಿನಲ್ಲಿ ಈ "ಯೆಸ್, ಬಟ್" ಎಷ್ಟು ಸಲ ಬರುತ್ತದೆಂದು ಎಣಿಸಲು ಹೇಳಿ, ಮಕ್ಕಳೇ ಬೆರಗಾಗುತ್ತಾರೆ. ಆಮೇಲೆ ಮೂರನೆಯ ಸಾಲನ್ನು ಗುಂಪೇ ತಿದ್ದಿ ಮತ್ತೆ ರೆಕಾರ್ಡ್ ಮಾಡಲಿ: "ಲೈನ್ ನೈನ್‌ಟೀನ್ ಈಸ್ ಟ್ರೂ, ಸೋ ಐ ಚೇಂಜ್ ಮೈ ಪಾಯಿಂಟ್. ಇಟ್ ಈಸ್ ಎನಫ್ ಫಾರ್ ದ ಹೌಸ್, ನಾಟ್ ಫಾರ್ ದ ಅರೆಕಾ ಗಾರ್ಡನ್." ವ್ಯಾಕರಣದ ತಪ್ಪನ್ನು ಈ ಹಂತದಲ್ಲಿ ಮುಟ್ಟಬೇಡಿ. ಆಧಾರ ತಿದ್ದುವ ಪಿರಿಯಡ್‌ನಲ್ಲಿ ಕ್ರಿಯಾಪದ ತಿದ್ದಲು ಹೊರಟರೆ ಎರಡೂ ಆಗುವುದಿಲ್ಲ.

ಶಿಕ್ಷಕರು ತಮ್ಮ ಪಿರಿಯಡನ್ನೂ ಒಮ್ಮೆ ರೆಕಾರ್ಡ್ ಮಾಡಿ ಕೇಳುವುದು ಒಳ್ಳೆಯದು. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ ಎಂದು ಸ್ಟಾಪ್‌ವಾಚಿನಲ್ಲಿ ನೋಡಿ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದು, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನ ಆಸುಪಾಸು, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು. ಎರಡು ಮೂರು ಭಾಷೆ ದಾಟಿ ಇಂಗ್ಲಿಷಿಗೆ ಬರಬೇಕಾದ ನಮ್ಮ ಮಕ್ಕಳಿಗೆ ಐದು ಸೆಕೆಂಡಾದರೂ ಕೊಡಿ.

ಮಾತನ್ನು ತಾನಾಗಿ ಅಕ್ಷರಕ್ಕೆ ಇಳಿಸುವ ಸೌಲಭ್ಯ ಗುಂಪಿನ ರೆಕಾರ್ಡಿಂಗಿಗೆ ಕೆಲಸ ಮಾಡುವುದಿಲ್ಲ, ಯಾರ ಮಾತು ಯಾರದ್ದೆಂದು ಅದಕ್ಕೆ ತಿಳಿಯದು. ಒಬ್ಬರ ಒಂದು ನಿಮಿಷದ ಮಾತಿಗೆ ಗೂಗಲ್ ಕೀಬೋರ್ಡಾದ ಜಿಬೋರ್ಡಿನ ಮೈಕ್ ಒತ್ತಿ, ಭಾಷೆಯನ್ನು ಭಾರತದ ಇಂಗ್ಲಿಷಿಗೆ ಇಟ್ಟರೆ ಚೆನ್ನಾಗಿಯೇ ಬರುತ್ತದೆ. "ಸುರಂಗ" ಎಂದದ್ದಕ್ಕೆ ಏನೋ ವಿಚಿತ್ರ ಪದ ಬೀಳುತ್ತದೆ, ಮಗು ಅದನ್ನು ತಿದ್ದುತ್ತಾ ತನ್ನ ವಾಕ್ಯವನ್ನು ತಾನೇ ಓದುತ್ತದೆ. ಲಾಭ ಇರುವುದು ಆ ತಿದ್ದುವಿಕೆಯಲ್ಲೇ. ಯಂತ್ರಕ್ಕೆ ಅರ್ಥವಾಗಲಿಲ್ಲ ಎಂದು ಉಚ್ಚಾರಣೆಗೆ ಮಾರ್ಕು ಕಳೆಯುವುದು ಅನ್ಯಾಯ.

ಬರವಣಿಗೆ, ಮಾರ್ಕು, ಅಳಿಸುವುದು

ಕೊನೆಯ ಪಿರಿಯಡ್‌ನಲ್ಲಿ ಪ್ರತಿಯೊಬ್ಬರೂ 80ರಿಂದ 100 ಪದ ಬರೆಯಲಿ, ಫೋನು ಪಕ್ಕಕ್ಕಿಟ್ಟು, ಕಾಗದದ ಮೇಲೆ. ಎರಡು ಆಧಾರ ಕಡ್ಡಾಯ, ಅದರಲ್ಲಿ ಒಂದು ತನ್ನ ಮಾತಿಗೆ ವಿರುದ್ಧವಾದದ್ದು. ಎಸೆಸೆಲ್ಸಿ ಇಂಗ್ಲಿಷಿನ ನಿರಂತರ ಮೌಲ್ಯಮಾಪನದ 20 ಅಂಕಕ್ಕೆ ದಾಖಲೆಯಾಗಿ ಈ ಕಾಗದ, ಗುರುತು ಹಾಕಿದ ಹಾಳೆ, ಲೆಕ್ಕದವಳ ಗೀಟಿನ ಚೀಟಿ ಮೂರೂ ಸಾಕು, ಧ್ವನಿಯ ಫೈಲು ಇಟ್ಟುಕೊಳ್ಳಬೇಕಾಗಿಲ್ಲ. ಮಾರ್ಕು ಕೊಡುವಾಗ ಕೊಂಡಿಗೆ ಹೆಚ್ಚು, ಆಧಾರಕ್ಕೆ ಅದಕ್ಕಿಂತ ಕಡಿಮೆ, ಬರೀ ಮಾತಿಗೆ ತೀರ ಕಡಿಮೆ. ಸಾಲು ಎತ್ತಿ ಬರೆಯುವುದು ಯಾರಿಂದಲೂ ಆಗುತ್ತದೆ, ಆ ಸಾಲಿನಿಂದ ಏನು ಬಂತೆಂದು ಹೇಳುವುದೇ ಕಷ್ಟ.

ಪತ್ರದಲ್ಲಿ ಬರೆದ ದಿನ ಬಂದಾಗ ಫೋನುಗಳಲ್ಲಿರುವ ರೆಕಾರ್ಡಿಂಗುಗಳನ್ನು ಅಳಿಸಿ, ಟ್ರ್ಯಾಶ್ ಫೋಲ್ಡರನ್ನೂ ಖಾಲಿ ಮಾಡಿ. ಲ್ಯಾಪ್‌ಟಾಪಿಗೆ ಹಾಕಿದ ಪ್ರತಿ, ಗೂಗಲ್ ಡ್ರೈವಿಗೆ ತಾನಾಗಿ ಹೋಗಿರಬಹುದಾದ ಬ್ಯಾಕಪ್ ಎರಡನ್ನೂ ನೋಡಿ. ಫಾರ್ಮಿಗೆ ಉತ್ತರ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ವರ್ಷದ ಮಕ್ಕಳ ಉತ್ತರ ಈ ವರ್ಷದ ಪಟ್ಟಿಯೊಳಗೆ ಬಂದು ಕೂರುತ್ತದೆ.